ಅನ್ನದ ಹೆಸರಿನ ಬೆಳ್ಳಿ: ಹಳ್ಳಿಮನೆಯಲ್ಲಿ ಕಟ್ಟಬಹುದಾದ ನಾಣ್ಯಸಂಗ್ರಹ

ಕಲಘಟಗಿ ತಾಲೂಕಿನ ದೇವಿಕೊಪ್ಪದಂಥ ಊರಿನಲ್ಲಿ ಬೆಳ್ಳಿ ನಾಣ್ಯ ಅಪರೂಪದ್ದೇನಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಬರುವ ವಿಕ್ಟೋರಿಯಾ ರಾಣಿಯ ರೂಪಾಯಿ, ಉಡಿ ತುಂಬುವಾಗ ಕೊಟ್ಟ ಜಾರ್ಜ್ ದೊರೆಯ ರೂಪಾಯಿ, ಟ್ರಂಕಿನ ತಳದಲ್ಲಿ ಅರಿವೆಯ ಗಂಟಿನೊಳಗೆ ಗಾಂಧೀಜಿ ಮುಖದ ಹತ್ತು ರೂಪಾಯಿ ಎಷ್ಟೋ ಮನೆಗಳಲ್ಲಿ ಇವೆ. ಆದರೆ ಯಾರೂ ಇವನ್ನು ಸಂಗ್ರಹವೆಂದು ನೋಡುವುದಿಲ್ಲ. ಅವು ಕಷ್ಟಕಾಲಕ್ಕೆ ಪತ್ತಾರರ ತಕ್ಕಡಿ ಏರುವ ಬೆಳ್ಳಿ, ಅಷ್ಟೇ. ಇಸವಿ ಯಾವುದು, ಎಲ್ಲಿ ಟಂಕಿಸಿದ್ದು, ಯಾಕೆ ಹೊರಡಿಸಿದ್ದು ಎಂದು ಕೇಳುವವರಿಲ್ಲದೆ ಒಳ್ಳೊಳ್ಳೆಯ ನಾಣ್ಯಗಳು ತೂಕದ ಲೆಕ್ಕಕ್ಕೆ ಹೋಗಿಬಿಟ್ಟಿವೆ.

ಸುಗ್ಗಿಗೊಂದು ನಾಣ್ಯದಂತೆ ಕೊಂಡರೂ ಹತ್ತು ವರ್ಷದಲ್ಲಿ ನಿಜವಾದ ಸಂಗ್ರಹವನ್ನು ಕಟ್ಟಬಹುದು. ಅದಕ್ಕೆ ಶ್ರೀಮಂತರಾಗಬೇಕಿಲ್ಲ, ಬೆಂಗಳೂರಿನ ಹರಾಜಿಗೂ ಹೋಗಬೇಕಿಲ್ಲ. ಸ್ವತಂತ್ರ ಭಾರತದ ಸರ್ಕಾರ 1969ರಿಂದ ಈಚೆಗೆ ಹೊರಡಿಸಿದ ಸ್ಮರಣಾರ್ಥ ಬೆಳ್ಳಿ ನಾಣ್ಯಗಳಲ್ಲಿ ಬಹಳಷ್ಟು ಇಂದಿಗೂ ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚಿಗೆ ಸಿಗುತ್ತವೆ.

ನಾಣ್ಯದ ನಂಟು ಧಾರವಾಡ ಸೀಮೆಗೆ ಹಳೆಯದು. 1824ರಲ್ಲಿ ಕಿತ್ತೂರು ಚೆನ್ನಮ್ಮನ ಸೇನೆಗೆ ಸೆರೆಸಿಕ್ಕ ತರುಣ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಇದೇ ಸೀಮೆಯ ಶಾಸನಗಳನ್ನು ಹುಡುಕಿ ಹುಡುಕಿ ನಕಲು ಮಾಡಿಸಿದರು. ಕೊನೆಗಾಲದಲ್ಲಿ ದಕ್ಷಿಣ ಭಾರತದ ನಾಣ್ಯಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಆದರೆ ಹೊಸಬರಿಗೆ ಚಾಲುಕ್ಯರ, ವಿಜಯನಗರದ ನಾಣ್ಯಗಳಿಂದ ಶುರು ಮಾಡಿ ಎಂದು ನಾನು ಹೇಳಲಾರೆ. ಅಲ್ಲಿ ನಕಲಿಗಳು ಹೆಚ್ಚು, ಅಸಲಿಯನ್ನು ಗುರುತಿಸುವ ಕಣ್ಣು ಬರಲು ವರ್ಷಗಳು ಬೇಕು. ಹೊಲದಲ್ಲಿ ಸಿಕ್ಕ ನಿಧಿಯಾದರೆ ಸರ್ಕಾರಕ್ಕೆ ತಿಳಿಸಬೇಕಾದ ಕಾನೂನಿನ ಬಾಧ್ಯತೆಯೂ ಇದೆ. ಆಧುನಿಕ ನಾಣ್ಯಕ್ಕೆ ಈ ತೊಡಕಿಲ್ಲ. ಅದರ ತೂಕ, ಅಳತೆ, ಬೆಳ್ಳಿಯ ಪ್ರಮಾಣ ಎಲ್ಲವೂ ಅಧಿಕೃತವಾಗಿ ಗೊತ್ತಿರುವಂಥವು. ಮನೆಯಲ್ಲೇ ಕೂತು ಪರೀಕ್ಷಿಸಬಹುದು.

ಮೊದಲು ಬೆಳ್ಳಿಯ ಲೆಕ್ಕ

ಅಂಗಡಿಯವರು ಬೆಲೆ ಹೇಳುವ ಮೊದಲೇ ನಿಮ್ಮ ಹತ್ತಿರ ಒಂದು ಲೆಕ್ಕ ಇರಲಿ. ನಾಣ್ಯದ ತೂಕವನ್ನು ಅದರಲ್ಲಿರುವ ಬೆಳ್ಳಿಯ ಪಾಲಿನಿಂದ ಗುಣಿಸಿದರೆ ಶುದ್ಧ ಬೆಳ್ಳಿ ಎಷ್ಟು ಗ್ರಾಂ ಎಂದು ಸಿಗುತ್ತದೆ. ಅದನ್ನು ಆ ದಿನದ ದರದಿಂದ ಗುಣಿಸಿದರೆ ಲೋಹದ ಬೆಲೆ.

1969ರಲ್ಲಿ ಗಾಂಧೀಜಿ ಜನ್ಮಶತಾಬ್ದಿಗೆ ಬಂದ 10 ರೂಪಾಯಿ ನಾಣ್ಯ 15 ಗ್ರಾಂ ತೂಗುತ್ತದೆ, ಅದರಲ್ಲಿ 80 ಪ್ರತಿಶತ ಬೆಳ್ಳಿ. ಅಂದರೆ 12 ಗ್ರಾಂ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಬಂದ 10 ರೂಪಾಯಿ ಇನ್ನೂ ದೊಡ್ಡದು, 22.5 ಗ್ರಾಂ. ಆದರೆ ಬೆಳ್ಳಿ ಅರ್ಧಕ್ಕಿಳಿದಿದೆ, ಹಾಗಾಗಿ 11.25 ಗ್ರಾಂ ಮಾತ್ರ. ಕೈಗೆ ಭಾರವಾಗಿ ಕಾಣುವ ನಾಣ್ಯದಲ್ಲಿ ಬೆಳ್ಳಿ ಕಡಿಮೆ! ಲೆಕ್ಕಕ್ಕೆ ಸುಲಭವಾಗಲೆಂದು ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದು ಹಿಡಿದರೆ ಗಾಂಧಿ ನಾಣ್ಯದ ಲೋಹ 1,200 ರೂಪಾಯಿ, ಬೆಳ್ಳಿಹಬ್ಬದ್ದು 1,125. ಕೊಳ್ಳುವ ದಿನದ ನಿಜವಾದ ದರವನ್ನು ಪತ್ರಿಕೆಯಲ್ಲಿ ನೋಡಿಕೊಂಡು ಇದೇ ಗುಣಾಕಾರ ಮಾಡಿ.

ಇತ್ತೀಚಿನ ದೊಡ್ಡ ನಾಣ್ಯಗಳಲ್ಲಿ ಬಹುಪಾಲು 35 ಗ್ರಾಂ ತೂಕದವು, 44 ಮಿಲಿಮೀಟರ್ ಅಗಲದವು. ಅವುಗಳಲ್ಲಿ 50 ಭಾಗ ಬೆಳ್ಳಿ, 40 ಭಾಗ ತಾಮ್ರ, 5 ಭಾಗ ನಿಕ್ಕಲ್, 5 ಭಾಗ ಸತು. ಶುದ್ಧ ಬೆಳ್ಳಿ 17.5 ಗ್ರಾಂ. 2015ರ ಅಂಬೇಡ್ಕರರ 125 ರೂಪಾಯಿ ನಾಣ್ಯ, 2018ರ ವಾಜಪೇಯಿಯವರ 100 ರೂಪಾಯಿ ನಾಣ್ಯ, 2023ರ ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ ಈ ಮೂರರಲ್ಲೂ ಇರುವುದು ಅಷ್ಟೇ ಬೆಳ್ಳಿ. ಮುಖಬೆಲೆಯ ಅಂಕಿ ಆಚರಣೆಯ ವರ್ಷಕ್ಕೆ ಹೊಂದಿಸಿ ಇಟ್ಟದ್ದಿರಬಹುದು. ಲೋಹಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗಾಗಿ 125 ಎಂದು ಬರೆದಿದೆ, ಇದು ಹೆಚ್ಚು ಬೆಲೆಬಾಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 35 ಗ್ರಾಂ, ಅರ್ಧ ಬೆಳ್ಳಿ ಎಂಬ ರೂಢಿಗೆ ಅಪವಾದವೂ ಇದೆ: ರಿಸರ್ವ್ ಬ್ಯಾಂಕಿಗೆ 90 ತುಂಬಿದ್ದಕ್ಕೆ 2024ರ ಏಪ್ರಿಲ್ 1ರಂದು ಬಿಡುಗಡೆಯಾದ 90 ರೂಪಾಯಿ ನಾಣ್ಯ 40 ಗ್ರಾಂ ಅಪ್ಪಟ ಬೆಳ್ಳಿಯದು. ಹೊಸ ನಾಣ್ಯ ಯಾವುದೇ ಇರಲಿ, ಲೋಹದ ವಿವರ ಓದದೆ ದುಡ್ಡು ಕೊಡಬೇಡಿ.

ಲೋಹದ ಬೆಲೆಯ ಮೇಲೆ ಎಷ್ಟು ಕೊಡಬಹುದು? ಗಾಂಧಿ ನಾಣ್ಯ, ಬೆಳ್ಳಿಹಬ್ಬದ ನಾಣ್ಯಗಳಂತೆ ಲಕ್ಷಗಟ್ಟಲೆ ಟಂಕಿಸಿದ್ದಕ್ಕೆ ತೀರಾ ಕಡಿಮೆ ಕೊಡಬೇಕು. ಅವಸರ ಮಾಡಿದರೆ ನಷ್ಟ, ಇವತ್ತು ಬಿಟ್ಟರೆ ನಾಳೆ ಮತ್ತೊಂದು ಸಿಕ್ಕೇ ಸಿಗುತ್ತದೆ. ಟಂಕಸಾಲೆಯ ಪೆಟ್ಟಿಗೆಯೊಡನೆ ಬರುವ, ಕಡಿಮೆ ಸಂಖ್ಯೆಯ ನಾಣ್ಯಗಳಿಗೆ ಹೆಚ್ಚು ಕೊಡಬೇಕಾಗುತ್ತದೆ. ಅದು ನ್ಯಾಯವೇ.

ಅನ್ನದ ನಾಣ್ಯಗಳು

ಕಂಡ ಕಂಡದ್ದನ್ನೆಲ್ಲ ಕೊಂಡರೆ ಹತ್ತು ವರ್ಷದ ನಂತರ ಕೈಯಲ್ಲಿರುವುದು ಬೆಳ್ಳಿಯ ರಾಶಿ. ಒಂದು ವಿಷಯ ಹಿಡಿದು ಕೊಂಡರೆ ಅದಕ್ಕೊಂದು ಕಥೆ ಕೂಡಿಬರುತ್ತದೆ. ಗೋವಿನಜೋಳ, ಭತ್ತ ಬೆಳೆಯುವ ನಮ್ಮ ಸೀಮೆಯ ಮನೆಗೆ ಒಪ್ಪುವ ವಿಷಯ ಅನ್ನ ಎಂದೇ ನನ್ನ ಗಟ್ಟಿ ಅಭಿಪ್ರಾಯ. ಭಾರತದ ಸ್ಮರಣಾರ್ಥ ಬೆಳ್ಳಿಯಲ್ಲಿ ಇಷ್ಟು ಸೊಗಸಾದ ಸಾಲು ಇನ್ನೊಂದಿಲ್ಲ.

ಇದರ ಹಿನ್ನೆಲೆ ತಿಳಿದಷ್ಟೂ ಒಳ್ಳೆಯದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ 1956ರಿಂದ 1967ರವರೆಗೆ ಮಹಾನಿರ್ದೇಶಕರಾಗಿದ್ದವರು ಭಾರತದವರೇ ಆದ ಬಿನಯ್ ರಂಜನ್ ಸೇನ್. ಹಸಿವಿನಿಂದ ಬಿಡುಗಡೆ ಎಂಬ ಜಾಗತಿಕ ಆಂದೋಲನವನ್ನು ಅವರು 1960ರಲ್ಲಿ ಶುರು ಮಾಡಿಸಿದರು. 1968ರಲ್ಲಿ ಆ ಸಂಸ್ಥೆ, ಹಸಿವು ಮತ್ತು ಬೇಸಾಯದ ಮಾತನ್ನು ನಾಣ್ಯಗಳ ಮೂಲಕ ಜನರಿಗೆ ತಲುಪಿಸಿ ಎಂದು ದೇಶದೇಶಗಳನ್ನು ಕೇಳಿಕೊಂಡಿತು. ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ, ಕೆಂಪು ಜೋಳ ತಿಂದ ದಿನಗಳು ನಮ್ಮ ಹಿರಿಯರಿಗೆ ಇನ್ನೂ ನೆನಪಿವೆ. ಅಂಥ ಕಾಲದಲ್ಲಿ ಭಾರತದ ಟಂಕಸಾಲೆಗಳಿಂದ ಈ ಸಾಲು ಹೊರಟಿತು.

1970 ಮತ್ತು 1971ರ ಇಸವಿಯ 10 ರೂಪಾಯಿ ಮೊದಲಿನವು. ‘ಎಲ್ಲರಿಗೂ ಅನ್ನ’ ಎಂಬುದು ಅವುಗಳ ಘೋಷಣೆ, ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ. ತೂಕ, ಬೆಳ್ಳಿ ಎರಡೂ ಗಾಂಧಿ ನಾಣ್ಯದಷ್ಟೇ: 15 ಗ್ರಾಂ, 80 ಪ್ರತಿಶತ. 1973ರಲ್ಲಿ ‘ಹೆಚ್ಚು ಅನ್ನ ಬೆಳೆಯಿರಿ’ ಎಂದು 10 ಮತ್ತು 20 ರೂಪಾಯಿಯ ಜೋಡಿ ಬಂತು. ಹತ್ತರದ್ದು 22.3 ಗ್ರಾಂ, ಇಪ್ಪತ್ತರದ್ದು 30 ಗ್ರಾಂ, ಎರಡರಲ್ಲೂ ಅರ್ಧ ಬೆಳ್ಳಿ. 1974ರಿಂದ ಬೆಳ್ಳಿ ನಾಣ್ಯದ ಮುಖಬೆಲೆ 50 ರೂಪಾಯಿಗೆ ಏರಿತು. ಆ ವರ್ಷ ‘ಯೋಜಿತ ಕುಟುಂಬ, ಎಲ್ಲರಿಗೂ ಅನ್ನ’, 1976ರಲ್ಲಿ ‘ಎಲ್ಲರಿಗೂ ಅನ್ನ, ಎಲ್ಲರಿಗೂ ಕೆಲಸ’, 1978ರಲ್ಲಿ ‘ಎಲ್ಲರಿಗೂ ಅನ್ನ, ಎಲ್ಲರಿಗೂ ಸೂರು’. 1980ರ 100 ರೂಪಾಯಿ ಗ್ರಾಮೀಣ ಮಹಿಳೆಯರ ಏಳಿಗೆಯ ಹೆಸರಿನದು. 1981ರ 100 ರೂಪಾಯಿ ವಿಶ್ವ ಆಹಾರ ದಿನದ್ದು. ಅಕ್ಟೋಬರ್ 16ರ ಆ ದಿನವನ್ನು ಜಗತ್ತು ಮೊದಲು ಆಚರಿಸಿದ್ದೇ ಆ ವರ್ಷ. ಗಮನವಿಟ್ಟು ಓದಿದರೆ ಇಲ್ಲಿ ಒಂದು ದಶಕದ ಸರ್ಕಾರಿ ಚಿಂತೆಯೆಲ್ಲ ಇದೆ. ಮೊದಲು ಬರೀ ಅನ್ನ, ಆಮೇಲೆ ಬೆಳೆ, ಜನಸಂಖ್ಯೆ, ಉದ್ಯೋಗ, ಮನೆ, ಕೊನೆಗೆ ಹೊಲದಲ್ಲಿ ದುಡಿಯುವ ಹೆಣ್ಣುಮಗಳು.

ಈ ಸಾಲಿಗೆ ಖರ್ಚಿಲ್ಲದ ಇನ್ನೊಂದು ಅರ್ಧವಿದೆ. ಬೆಳ್ಳಿಯ ದೊಡ್ಡ ನಾಣ್ಯದ ಜೊತೆಗೆ ಅದೇ ಘೋಷಣೆಯ ಚಿಲ್ಲರೆಯೂ ಚಲಾವಣೆಗೆ ಬಂದಿತ್ತು. 1970ರ ಹಳದಿ ಬಣ್ಣದ 20 ಪೈಸೆ, 1973ರ 50 ಪೈಸೆ, 1974ರಿಂದ ಅಂಚು ಅಲೆಯಲೆಯಾಗಿರುವ ಅಲ್ಯೂಮಿನಿಯಂ 10 ಪೈಸೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರ ನಂತರ ಚಲಾವಣೆಯಲ್ಲಿ ಇಲ್ಲ. ಅಂಗಡಿಯ ಹಳೆಯ ಡಬ್ಬಿಗಳಲ್ಲಿ, ದೇವರ ಮಾಡಿನ ಮೂಲೆಯಲ್ಲಿ ಇನ್ನೂ ಬಿದ್ದಿವೆ. ಮಕ್ಕಳಿಗೆ ಇವನ್ನು ಹುಡುಕುವ ಕೆಲಸ ಕೊಡಿ. ದೊಡ್ಡವರು ವರ್ಷಕ್ಕೊಂದು ಬೆಳ್ಳಿ ಕೊಂಡರೆ, ಮಕ್ಕಳು ಅದರ ಜೋಡಿ ಚಿಲ್ಲರೆ ತಂದು ಪಕ್ಕದಲ್ಲಿ ಇಡಲಿ. ನಾಣ್ಯಸಂಗ್ರಹದ ನಿಜವಾದ ರುಚಿ ಹತ್ತುವುದು ಹೀಗೆ.

ಅನ್ನದ ಸಾಲು ಬೇಡವಾದರೆ ಕರ್ನಾಟಕದ ನಂಟಿನ ನಾಣ್ಯಗಳನ್ನು ಹಿಡಿಯಬಹುದು. 2006ರ ಮಹಾತ್ಮ ಬಸವೇಶ್ವರ ನಾಣ್ಯ 5 ರೂಪಾಯಿಯಲ್ಲೂ ಬೆಳ್ಳಿಯ 100 ರೂಪಾಯಿಯಲ್ಲೂ ಇದೆ. ಐದರದ್ದು ಸಂತೆಯ ಚಿಲ್ಲರೆಯಲ್ಲೂ ಸಿಕ್ಕೀತು, ನೂರರದ್ದನ್ನು ಹುಡುಕಿ ಕೊಳ್ಳಬೇಕು. ಹುಲಿ ಯೋಜನೆಗೆ 50 ವರ್ಷ ತುಂಬಿದಾಗ 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ಬಿಡುಗಡೆಯಾದ 50 ರೂಪಾಯಿ ನಾಣ್ಯವೂ ಈ ಗುಂಪಿಗೆ ಸೇರುತ್ತದೆ.

ಬೆಳ್ಳಿಯಂತೆ ಕಾಣುವ ಬೆಳ್ಳಿಯಲ್ಲದವು

ಹಳ್ಳಿಗಳಲ್ಲಿ ಜನ ಮೋಸಹೋಗುವುದು ಹೆಚ್ಚಾಗಿ ಇಲ್ಲಿ, ಅದೂ ಮಾರುವವರಿಗೇ ತಿಳಿಯದೆ. 1964ರ ನೆಹರೂ ಒಂದು ರೂಪಾಯಿ ನಿಕ್ಕಲ್ ಲೋಹದ್ದು. 1969ರ ಗಾಂಧಿ ಒಂದು ರೂಪಾಯಿಯೂ ಹಾಗೇ. 1947ರ ಹುಲಿ ಚಿತ್ರದ ರೂಪಾಯಿಯೂ ನಿಕ್ಕಲ್. ಈ ಮೂರಕ್ಕೂ ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತವೆ. ಬೆಳ್ಳಿ ಅಂಟುವುದಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತವೊಂದು ಕಿಸೆಯಲ್ಲಿದ್ದರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

ಉಳಿದರ್ಧಕ್ಕೆ ಅಯಸ್ಕಾಂತ ಸಾಲದು. 1974ರಿಂದ ಬಂದ ದೊಡ್ಡ 10 ರೂಪಾಯಿ ಸ್ಮರಣಾರ್ಥ ನಾಣ್ಯಗಳು ತಾಮ್ರ-ನಿಕ್ಕಲ್ ಮಿಶ್ರಣದವು, ತೂಕ 25 ಗ್ರಾಂ. ಅವು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಬೆಳ್ಳಿಯಂತೆಯೇ ಹೊಳೆಯುತ್ತವೆ, 1973ರ ಬೆಳ್ಳಿ ಹತ್ತರ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ನೆನಪಿಡಬೇಕಾದ ಗೆರೆ ಇದು: 1973ರವರೆಗಿನ ಹತ್ತು ಬೆಳ್ಳಿ, 1974ರಿಂದಾಚೆಯ ಹತ್ತು ಬೆಳ್ಳಿಯಲ್ಲ.

ಗಾಂಧಿ ನಾಣ್ಯದ ಬಗ್ಗೆ ಇನ್ನೊಂದು ಗೊಂದಲವಿದೆ. ಅದರ ಮೇಲೆ 1869–1948 ಎಂದು ಜನನ-ಮರಣದ ವರ್ಷಗಳಿವೆಯೇ ಹೊರತು ಟಂಕಿಸಿದ ಇಸವಿ ಇಲ್ಲ. ಅದನ್ನು 1948ರ ಅಪರೂಪದ ನಾಣ್ಯ ಎಂದು ಹೇಳಿ ದುಬಾರಿಗೆ ಮಾರುವವರಿದ್ದಾರೆ.

ಬ್ರಿಟಿಷರ ರೂಪಾಯಿ ಮನೆಯಲ್ಲಿದ್ದರೆ ಅದನ್ನೂ ಒಮ್ಮೆ ನೋಡಿಬಿಡಿ. ಅದರ ತೂಕ ಹಳೆಯ ಒಂದು ತೊಲಿ, ಅಂದರೆ 11.66 ಗ್ರಾಂ. ವಿಕ್ಟೋರಿಯಾ, ಎಡ್ವರ್ಡ್, ಐದನೆಯ ಜಾರ್ಜ್ ಕಾಲದವುಗಳಲ್ಲಿ ನೂರಕ್ಕೆ ಸುಮಾರು 92 ಭಾಗ ಬೆಳ್ಳಿ. ಯುದ್ಧಕಾಲದಲ್ಲಿ, 1940ರಿಂದ, ಆರನೆಯ ಜಾರ್ಜ್ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. ಎರಡಕ್ಕೂ ಒಂದೇ ಬೆಲೆ ಕಟ್ಟಿ ಕೊಡಬೇಡಿ, ಕೊಳ್ಳಲೂ ಬೇಡಿ.

ದೀಪಾವಳಿಗೆ ಸರಾಫರ ಅಂಗಡಿಯಲ್ಲೂ ಬ್ಯಾಂಕುಗಳಲ್ಲೂ ಸಿಗುವ ಲಕ್ಷ್ಮಿ, ಗಣಪತಿಯ ಬೆಳ್ಳಿ ಬಿಲ್ಲೆಗಳು ಕಾನೂನಿನ ಅರ್ಥದಲ್ಲಿ ನಾಣ್ಯಗಳೇ ಅಲ್ಲ. ಪೂಜೆಗೆ ಬೇಕೆಂದರೆ ಧಾರಾಳವಾಗಿ ಕೊಳ್ಳಿ. ಆದರೆ ಅವುಗಳಿಗೆ ಮಾಡಿಸಿದ ಕೂಲಿ ಸೇರಿರುತ್ತದೆ, ಮಾರುವಾಗ ಆ ಕೂಲಿ ವಾಪಸು ಬರುವುದಿಲ್ಲ.

ನೀರಿನ ಪರೀಕ್ಷೆ

ಎರಡು ಸೊನ್ನೆಗಳ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ, ಅಂದರೆ 0.01 ಗ್ರಾಂವರೆಗೆ ತೋರಿಸುವಂಥದ್ದು, ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಂಗ್ರಹಕ್ಕೆ ಮಾಡುವ ಮೊದಲ ಖರ್ಚು ಇದೇ ಆಗಲಿ, ನಾಣ್ಯ ಆಮೇಲೆ.

ಒಂದು ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳುವಾದ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೈಯಲ್ಲಿ ಹಿಡಿಯಿರಿ. ಆಗ ಕಾಣುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಆ ಅಂಕಿಯಿಂದ ಭಾಗಿಸಿದರೆ ಅದರ ಸಾಂದ್ರತೆ ಬರುತ್ತದೆ. ಅಪ್ಪಟ ಬೆಳ್ಳಿಗೆ ಸುಮಾರು 10.5, 80 ಪ್ರತಿಶತದ್ದಕ್ಕೆ 10.1, ಅರ್ಧ ಬೆಳ್ಳಿಗೆ 9.5, ತಾಮ್ರ-ನಿಕ್ಕಲ್‌ಗೆ 8.9. ಗಾಂಧಿ ನಾಣ್ಯ ಅಸಲಿಯಾದರೆ ತಕ್ಕಡಿ 1.48ರ ಆಸುಪಾಸು ತೋರಿಸುತ್ತದೆ, ಅದೇ ತೂಕದ ತಾಮ್ರ-ನಿಕ್ಕಲ್ ಆದರೆ 1.68. ನಾಣ್ಯಕ್ಕೆ ಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಮೆಲ್ಲಗೆ ಅಲುಗಿಸಿ ಬಿಡಿಸಿ.

ಕೈಯಿಂದ ಕೈಗೆ ಓಡಾಡಿದ ನಾಣ್ಯಕ್ಕೆ ಮಾತ್ರ ಈ ಪರೀಕ್ಷೆ. ಕನ್ನಡಿಯಂಥ ಹೊಳಪಿನ ಪ್ರೂಫ್ ನಾಣ್ಯವನ್ನು ನೀರಿಗೆ ಹಾಕಿದರೆ ಕಲೆ ಉಳಿದು ಬೆಲೆ ಹೋಗುತ್ತದೆ. ಅಂಥದ್ದನ್ನು ಲೋಹ ಅಳೆಯುವ ಯಂತ್ರವಿರುವ ಆಭರಣದಂಗಡಿಯಲ್ಲಿ ತೋರಿಸಿ. ಒರೆಗಲ್ಲಿಗೆ ಉಜ್ಜಲು ಮಾತ್ರ ಯಾವ ನಾಣ್ಯವನ್ನೂ ಕೊಡಬೇಡಿ.

ಎಲ್ಲಿ ಕೊಳ್ಳಬೇಕು

ಹೊಸ ನಾಣ್ಯಗಳಿಗೆ ನಂಬಿಕೆಯ ಜಾಗ ಸರ್ಕಾರದ ಟಂಕಸಾಲೆಯೇ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾದ ನಾಲ್ಕೂ ಟಂಕಸಾಲೆಗಳು ಎಸ್‌ಪಿಎಂಸಿಐಎಲ್ ಎಂಬ ಸರ್ಕಾರಿ ನಿಗಮದ ಕೆಳಗಿವೆ. ಅದರ ಜಾಲತಾಣದಲ್ಲೇ ಬುಕ್ ಮಾಡಿದರೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಪಾರ್ಸೆಲ್ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಪ್ರೂಫ್ ಮತ್ತು ಯುಎನ್‌ಸಿ ಎಂದು ಎರಡು ಬಗೆ ಇರುತ್ತವೆ. ಪ್ರೂಫ್ ನಾಣ್ಯವನ್ನು ಉಜ್ಜಿ ಹೊಳಪಿಸಿದ ಅಚ್ಚಿನಿಂದ ವಿಶೇಷ ಎಚ್ಚರದಲ್ಲಿ ಒತ್ತಿರುತ್ತಾರೆ. ಯುಎನ್‌ಸಿ ಎಂದರೆ ಚಲಾವಣೆ ಕಾಣದ ಸಾಮಾನ್ಯ ಮುದ್ರೆ. ಬೆಳ್ಳಿ ಎರಡರಲ್ಲೂ ಒಂದೇ. ಕಡಿಮೆ ಖರ್ಚಿನಲ್ಲಿ ಕಟ್ಟುವವರಿಗೆ ಯುಎನ್‌ಸಿ ಸಾಕು.

ಹಳೆಯವುಗಳಿಗೆ ನನ್ನ ಮೊದಲ ಸಲಹೆ ಪರಿಚಯದ ಪತ್ತಾರರು. ಕಲಘಟಗಿಯಲ್ಲೋ ಹುಬ್ಬಳ್ಳಿಯಲ್ಲೋ ನಿಮ್ಮ ಮನೆಯ ಬೆಳ್ಳಿ-ಬಂಗಾರ ಮಾಡುವವರಿಗೆ ಮಾತು ಹೇಳಿಡಿ: ‘ಗಾಂಧಿ ಹತ್ತು, ಅನ್ನದ ಹತ್ತು ಬಂದರ ಕರಗಸಬ್ಯಾಡ್ರಿ, ನಮಗ ಫೋನ್ ಮಾಡ್ರಿ.’ ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನೂ ಗೌರವದಿಂದ ತಿಳಿಸಿ. ತೂಕದ ಬೆಲೆಗೆ ಒಳ್ಳೆಯ ನಾಣ್ಯ ಸಿಗುವುದು ಈ ದಾರಿಯಲ್ಲೇ. ಕೊಳ್ಳುವಾಗ ಇಸವಿಯ ಹತ್ತಿರದ ಗುರುತನ್ನು ನೋಡಿ ಬರೆದಿಟ್ಟುಕೊಳ್ಳಿ. ವಜ್ರಾಕಾರ ಮುಂಬೈಯದು, ನಕ್ಷತ್ರ ಹೈದರಾಬಾದಿನದು, ದುಂಡು ಚುಕ್ಕೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಹನುಮಂತ, ರಾಮಸೀತೆಯರ ಚಿತ್ರದ ಈಸ್ಟ್ ಇಂಡಿಯಾ ಕಂಪನಿ ನಾಣ್ಯಕ್ಕೆ ಲಕ್ಷ, ವೈಷ್ಣೋದೇವಿಯ 5 ರೂಪಾಯಿಗೆ ಲಕ್ಷ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಕಂಪನಿ ಅಂಥ ನಾಣ್ಯಗಳನ್ನು ಹೊರಡಿಸಿಯೇ ಇಲ್ಲ. ವೈಷ್ಣೋದೇವಿಯ 5 ರೂಪಾಯಿ ಚಲಾವಣೆಯ ನಾಣ್ಯ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು. ನಿಮ್ಮಿಂದ ಮೊದಲೇ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ.

ಇಡುವ ಬಗೆ

ದೇವಿಕೊಪ್ಪದ ಕಡೆ ಮಲೆನಾಡಿನ ಅಂಚಿನ ಮಳೆ, ತಿಂಗಳುಗಟ್ಟಲೆ ತೇವ. ಗಾಳಿಯಲ್ಲಿನ ಗಂಧಕದ ಅಂಶ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡ್, ಪತ್ರಿಕೆಯ ಕಾಗದ, ಉಣ್ಣೆಯ ಬಟ್ಟೆ ಅದನ್ನು ಇನ್ನೂ ಬೇಗ ಕಪ್ಪಾಗಿಸುತ್ತವೆ. ಮೆತ್ತನೆಯ ಪಿವಿಸಿ ಚೀಲ ಇವೆಲ್ಲಕ್ಕಿಂತ ಕೆಟ್ಟದ್ದು. ಕೆಲವೇ ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಜಿಗುಟು ಕೂರಿಸುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಕ್ಯಾಪ್ಸೂಲ್ ತರಿಸಿ, ಅಳತೆ ಹೇಳಿಯೇ ಕೊಳ್ಳಿ: ಗಾಂಧಿ ನಾಣ್ಯಕ್ಕೆ 34 ಮಿಲಿಮೀಟರ್, ಈಗಿನ ದೊಡ್ಡವಕ್ಕೆ 44. ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟು, ಅಡಿಗೆಮನೆಯ ಹೊಗೆಯಿಂದ ದೂರವಿರಿಸಿ.

ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ತೊಳೆಯಬೇಡಿ, ಉಜ್ಜಬೇಡಿ. ನಮ್ಮ ತಾಯಂದಿರು ಹಬ್ಬಕ್ಕೆ ಬೆಳ್ಳಿಯ ಆರತಿಯನ್ನು ವಿಭೂತಿ ಹಾಕಿ ಫಳಫಳ ಹೊಳೆಸುತ್ತಾರೆ. ಅದೇ ವಿಭೂತಿ ನಾಣ್ಯದ ಮೇಲೆ ಸಣ್ಣ ಗೀರುಗಳನ್ನು ಬಿಡುತ್ತದೆ. ತಾನಾಗಿ ಕಪ್ಪಿಟ್ಟ ನಾಣ್ಯವನ್ನು ತಿಳಿದವರು ಸಂತೋಷದಿಂದ ಕೊಳ್ಳುತ್ತಾರೆ, ಉಜ್ಜಿದ್ದನ್ನು ತೂಕಕ್ಕಷ್ಟೇ. ಹಸಿರು ಜಿಗುಟು ಹತ್ತಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಬಹುದು. ಅದು ಬೇಗ ಬೆಂಕಿ ಹತ್ತುವ ದ್ರವ, ಒಲೆಯ ಹತ್ತಿರ ತರಬೇಡಿ. ಪೂಜೆಗೆ ಒಂದು ನಾಣ್ಯ ಬೇಕೇ ಬೇಕೆಂದು ಮನೆಯವರು ಕೇಳಿದರೆ ಮುಖ ಸವೆದ ಹಳೆಯ ರೂಪಾಯಿಯೊಂದನ್ನು ಅದಕ್ಕೆಂದೇ ಮೀಸಲಿಡಿ. ಅರಿಷಿಣ, ಕುಂಕುಮ, ಹಾಲು ಎಲ್ಲವೂ ಅದಕ್ಕೇ ಸಲ್ಲಲಿ.

ಕೊನೆಯದಾಗಿ ನೂರು ಪುಟದ ಒಂದು ನೋಟ್‌ಬುಕ್. ನಾಣ್ಯದ ಹೆಸರು, ಇಸವಿ, ಟಂಕಸಾಲೆಯ ಗುರುತು, ನೀವೇ ತೂಗಿದ ತೂಕ, ಬೆಳ್ಳಿಯ ಪಾಲು, ಕೊಂಡ ತಾರೀಖು, ಕೊಟ್ಟ ದುಡ್ಡು, ಯಾರಿಂದ ಬಂತು ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ, ಬಿಲ್ಲನ್ನು ಅದರಲ್ಲೇ ಅಂಟಿಸಿ. ಪುಸ್ತಕ ಡಬ್ಬಿಯ ಜೊತೆಗೇ ಇರಲಿ, ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ. ಮುಂದೆ ನಿಮ್ಮ ಮಕ್ಕಳು ಮಾರಬೇಕೆಂದರೆ ಅವರು ಮೊದಲು ನೋಡಬೇಕಾದದ್ದು ಅದರ ಐದನೆಯ ಕಲಮು. ತೂಕವನ್ನು ಬೆಳ್ಳಿಯ ಪಾಲಿನಿಂದ, ಆಮೇಲೆ ಅಂದಿನ ದರದಿಂದ ಗುಣಿಸಿ, ಅದಕ್ಕಿಂತ ಒಂದು ರೂಪಾಯಿ ಕಡಿಮೆಗೂ ಕೊಡಬಾರದು ಎಂದು ಮೊದಲ ಪುಟದಲ್ಲೇ ಬರೆದಿಡಿ.